ಹಳೆಯ ಕಂಪ್ಯೂಟರ್ ಆಫ್ ಆಗದಿದ್ದರೆ

'ಶಟ್ ಡೌನ್' ಒತ್ತಿದ ಮೇಲೆ ಪರದೆ ಕಪ್ಪಾಗುತ್ತದೆ. ಆದರೆ ಪೆಟ್ಟಿಗೆಯ ಫ್ಯಾನು ತಿರುಗುತ್ತಲೇ ಇರುತ್ತದೆ, ದೀಪವೂ ಆರುವುದಿಲ್ಲ. ಆಗ ಹಲವರು ಬೇಸತ್ತು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ. ಇದು ಸಲ್ಲದು. ಡಿಸ್ಕಿನ ಮೇಲಿನ ಬರವಣಿಗೆ ಅರ್ಧಕ್ಕೇ ನಿಂತರೆ ಮಗನ ನೌಕರಿಯ ಅರ್ಜಿಯೋ ಮನೆಯ ಲೆಕ್ಕವೋ ಕೆಟ್ಟುಹೋದೀತು.

'ಅಪ್‌ಡೇಟ್' ನಡೆಯುತ್ತಿದೆಯೆಂದು ಪರದೆ ಹೇಳುತ್ತಿದ್ದರೆ ಮುಗಿಯುವ ತನಕ ಕಾಯಬೇಕು. ಇಲ್ಲವಾದರೆ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಟನ್ನು ಶಂಕಿಸಿರಿ. 2012ರ ವಿಂಡೋಸ್ 8ರಿಂದ ಇದು ಬಂದಿದೆ. ಮರುದಿನ ಬೇಗ ಏಳಲೆಂದು ಯಂತ್ರವು ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕೆಲವು ಹಳೆಯ ಯಂತ್ರಗಳಿಗೆ ಇದು ಒಗ್ಗುವುದಿಲ್ಲ. 'ರೀಸ್ಟಾರ್ಟ್' ಸರಿಯಾಗಿ ಆಗಿ 'ಶಟ್ ಡೌನ್' ಮಾತ್ರ ಕೈಕೊಟ್ಟರೆ ಸಂಶಯ ಬಲವಾಗುತ್ತದೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಅಲ್ಲಿ ಪವರ್ ಬಟನ್ನುಗಳ ಸಾಲು ತೆರೆಯಿರಿ. ಮಸುಕಾಗಿರುವ ಆಯ್ಕೆಗಳನ್ನು ಬದಲಿಸುವ ಸಾಲನ್ನು ಒತ್ತಿ, 'ಫಾಸ್ಟ್ ಸ್ಟಾರ್ಟಪ್' ಮುಂದಿನ ಗುರುತು ತೆಗೆದು 'ಸೇವ್' ಮಾಡಿರಿ.

ಆಗಲೂ ಆರದಿದ್ದರೆ ಪೆನ್ ಡ್ರೈವ್, ಪ್ರಿಂಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿರಿ. ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಹಿಡಿಯುವುದು ಕಡೆಯ ಉಪಾಯ. ಅದೂ ಒರಟೇ, ನಿತ್ಯದ ರೂಢಿಯಾಗಬಾರದು. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿರಿ. ರಿಪೇರಿ ಅಂಗಡಿಗೆ ಹಣ ತೆರುವ ಮುನ್ನ ಇಷ್ಟನ್ನು ಮಾಡಿ ನೋಡಿದರೆ ನಷ್ಟವೇನೂ ಇಲ್ಲ.