ನಗರದ ಕಟ್ಟಡಗಳೂ ಪರೀಕ್ಷಾಧಿಕಾರವೂ

ಕಟ್ಟಡ, ಕಟ್ಟಳೆ ಎಂಬೆರಡು ಶಬ್ದಗಳೂ ‘ಕಟ್ಟು’ ಎಂಬ ಒಂದೇ ಧಾತುವಿಗೆ ಸಂಬಂಧಪಟ್ಟುವೆಂಬುದು ಭಾಷಾಭ್ಯಾಸಿಗಳಿಗೆ ಹೊಸ ಮಾತಲ್ಲ. ಕಾಡಿನ ನಡುವೆ ಒಬ್ಬನೇ ಗುಡಿಸಲು ಹಾಕಿಕೊಂಡವನಿಗೆ ಕಟ್ಟಳೆಯ ಅವಶ್ಯಕತೆ ಅಷ್ಟಾಗಿ ತೋರದು. ನಗರದಲ್ಲಾದರೋ ಒಬ್ಬನ ಮಾಡಿನ ನೀರು ಮತ್ತೊಬ್ಬನ ಗೋಡೆಯನ್ನು ನೆನೆಯಿಸುವುದು. ಒಬ್ಬನ ಒಲೆಯ ಕಿಡಿ ಬೀದಿಯನ್ನೇ ಸುಡುವುದು. ಆದಕಾರಣ ಅತ್ಯಂತ ಪ್ರಾಚೀನವಾದ ಶಾಸನಗಳಲ್ಲಿಯೇ ಕಟ್ಟಡದ ಕಟ್ಟಳೆಗಳು ಕಾಣಬರುವುವು. ಆದರೆ ಕಟ್ಟಳೆಯನ್ನು ಬರೆಯುವುದು ಬೇರೆ, ನಡೆಯಿಸುವುದು ಬೇರೆ. ನಡೆಯಿಸುವ ಭಾರವನ್ನು ಯಾರ ಮೇಲೆ, ಯಾವ ಹೊತ್ತಿನಲ್ಲಿ ಹೊರಿಸಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸೋಣ.

೧. ಬಿದ್ದ ಮೇಲಿನ ದಂಡನೆ

ಕ್ರಿ. ಪೂ. ೧೮ನೆಯ ಶತಮಾನದಲ್ಲಿ ಬಾಬಿಲೋನಿನ ಅರಸನಾಗಿದ್ದ ಹಮ್ಮುರಾಬಿಯ ಶಾಸನವು ಮನೆ ಕಟ್ಟುವವನ ವಿಷಯದಲ್ಲಿ ಬಹು ಕಠಿನವಾಗಿರುವುದು. ಕಟ್ಟಿದ ಮನೆಯು ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಗೋಡೆ ವಾಲಿದರೆ ಅವನೇ ತನ್ನ ಸ್ವಂತ ವೆಚ್ಚದಿಂದ ಅದನ್ನು ಭದ್ರಪಡಿಸತಕ್ಕದ್ದು. ದಂಡನೆಯು ಎಷ್ಟು ಘೋರವಾದರೂ ಇಲ್ಲಿ ಪರೀಕ್ಷಕನ ಪ್ರಸ್ತಾಪವೇ ಇಲ್ಲ. ಶಾಸನವು ಬಾಯಿ ತೆರೆಯುವುದು ಮನೆ ಕೆಟ್ಟ ಮೇಲೆ. ಭಯದಿಂದ ಕೆಲವರು ಎಚ್ಚರವಾಗಿದ್ದಿರಬಹುದು. ಆದರೆ ಸತ್ತವನಿಗೆ ಆ ದಂಡನೆಯಿಂದ ಆದ ಪ್ರಯೋಜನವೇನೂ ಇಲ್ಲ.

೨. ನೆರೆಯವರ ಸಾಕ್ಷ್ಯ, ನಾಗರಿಕನ ಹೊಣೆ

ಕೌಟಿಲೀಯ ಅರ್ಥಶಾಸ್ತ್ರವನ್ನು ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಮೈಸೂರಿನಲ್ಲಿ ಅಚ್ಚುಹಾಕಿಸಿದವರು ರು. ಶಾಮಶಾಸ್ತ್ರಿಗಳು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ‘ವಾಸ್ತುಕ’ವೆಂಬ ಪ್ರಕರಣವಿದೆ. ಅಲ್ಲಿ ವಾಸ್ತುವೆಂದರೆ ಇಂದು ಜನರು ಹೇಳುವ ಶುಭಾಶುಭಗಳ ಲೆಕ್ಕವಲ್ಲ. ಮನೆ, ಹೊಲ, ತೋಟ, ಕಟ್ಟೆ, ಕೆರೆ ಇವುಗಳಿಗೆ ಆ ಹೆಸರು. ನೆರೆಮನೆಯಿಂದ ಬಿಡಬೇಕಾದ ಅಂತರ, ನೀರಿನ ಕಾಲುವೆ, ಕಿಟಕಿ ಬಾಗಿಲುಗಳಿಂದ ನೆರೆಯವನಿಗಾಗುವ ಬಾಧೆ—ಇವೆಲ್ಲಕ್ಕೂ ಅಲ್ಲಿ ಅಳತೆಯೂ ದಂಡವೂ ಹೇಳಲ್ಪಟ್ಟಿವೆ. ಇಂತಹ ವಿವಾದಗಳ ನಿರ್ಣಯವು ‘ಸಾಮಂತ’ರ ಮಾತಿನ ಮೇಲೆ ನಿಲ್ಲುವುದು. ನಮ್ಮ ಕಾವ್ಯಶಾಸನಗಳ ಪರಿಚಯವುಳ್ಳವರು ಇಲ್ಲಿ ಮಾಂಡಲಿಕರನ್ನು ನೆನೆಯಬಾರದು. ಪ್ರಕೃತದಲ್ಲಿ ಆ ಶಬ್ದಕ್ಕೆ ಸುತ್ತಲಿನ ನೆರೆಯವರೆಂದೇ ಅರ್ಥ.

ಎರಡನೆಯ ಅಧಿಕರಣದಲ್ಲಿ ಬರುವ ‘ನಾಗರಿಕ’ನು ಊರಿನ ನಿವಾಸಿಯಲ್ಲ, ನಗರದ ಮೇಲ್ವಿಚಾರಣೆಗೆ ನಿಂತ ಅಧಿಕಾರಿ. ಅವನ ಕೆಳಗೆ ನಗರದ ಒಂದೊಂದು ಭಾಗಕ್ಕೆ ಸ್ಥಾನಿಕನು. ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಗೋಪನು. ಬೇಸಗೆಯಲ್ಲಿ ಹಗಲಿನ ನಡುವಣ ಹೊತ್ತು ಬೆಂಕಿ ಹೊತ್ತಿಸಕೂಡದು, ನೀರಿನ ಕೊಡ, ಏಣಿ, ಕೊಡಲಿ ಮೊದಲಾದುವನ್ನು ಮನೆಯಲ್ಲಿ ಸಿದ್ಧವಾಗಿರಿಸಬೇಕು, ತಪ್ಪಿದರೆ ಅಲ್ಪದಂಡ. ನಾಗರಿಕನು ನೀರಿನ ನೆಲೆ, ದಾರಿ, ಕೋಟೆಯ ಗೋಡೆಗಳನ್ನು ನಿತ್ಯವೂ ನೋಡತಕ್ಕದ್ದು. ಇದೆಲ್ಲಕ್ಕಿಂತ ಮುಖ್ಯವಾದುದೊಂದಿದೆ: ರಾತ್ರಿ ನಡೆದ ದೋಷವನ್ನು ನಾಗರಿಕನು ತಿಳಿಸದೆ ಹೋದರೆ ಅಥವಾ ಅಜಾಗರೂಕನಾಗಿದ್ದರೆ ಆ ದೋಷಕ್ಕೆ ತಕ್ಕ ದಂಡವು ಅವನಿಗೇ. ತಪ್ಪು ಮಾಡಿದವನಂತೆ ತಪ್ಪನ್ನು ಕಾಣದವನೂ ದಂಡಾರ್ಹನೆಂಬ ಈ ತತ್ತ್ವವು ಮನನೀಯವಾದುದು.

೩. ಅಡಿಪಾಯಕ್ಕೆ ಮೊದಲಿನ ಗೂಟ

ಲಂಡನ್ ನಗರದಲ್ಲಿ ಇಟ್ಟಿಗೆಯಿಂದಲೇ ಕಟ್ಟಬೇಕೆಂಬ ರಾಜಾಜ್ಞೆಗಳು ೧೭ನೆಯ ಶತಮಾನದ ಆದಿಯಿಂದಲೂ ಹೊರಟಿದ್ದುವು. ಆದರೂ ೧೬೬೬ನೆಯ ಸೆಪ್ಟೆಂಬರಿನ ಮಹಾಗ್ನಿಯು ಬಂದಾಗ ನಗರದ ಬಹುಭಾಗವು ಮರದ ಮನೆಗಳಿಂದಲೇ ತುಂಬಿದ್ದಿತು. ಸುಮಾರು ೧೩,೨೦೦ ಮನೆಗಳು ಸುಟ್ಟುಹೋದುವು. ಆಜ್ಞೆಯಿದ್ದಿತು, ಅದನ್ನು ನಡೆಯಿಸುವ ಕೈ ದುರ್ಬಲವಾಗಿದ್ದಿತು. ೧೬೬೭ರ ಶಾಸನವು ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಬೀದಿಗೆ ತಕ್ಕಂತೆ ಅಂತಸ್ತುಗಳನ್ನೂ ಗೋಡೆಯ ದಪ್ಪವನ್ನೂ ಗೊತ್ತುಮಾಡಿತು. ಅಷ್ಟಕ್ಕೇ ನಿಲ್ಲದೆ, ಕಟ್ಟಳೆಯಂತೆ ಕೆಲಸ ನಡೆಯುವುದನ್ನು ನೋಡಲು ಪರೀಕ್ಷಕರನ್ನು ನೇಮಿಸಬೇಕೆಂದೂ ವಿಧಿಸಿತು. ಸ್ಥಿತಿಸ್ಥಾಪಕತ್ವದ ನಿಯಮದಿಂದ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ರಾಬರ್ಟ್ ಹುಕ್ಕನೂ, ಪೀಟರ್ ಮಿಲ್ಸನೂ ಈ ಕೆಲಸಕ್ಕೆ ನಿಂತರು.

ಅವರ ಕ್ರಮವು ಸರಳವಾಗಿದ್ದಿತು. ಮನೆ ಕಟ್ಟುವವನು ಮೊದಲು ೬ ಷಿಲಿಂಗು ೮ ಪೆನ್ಸುಗಳನ್ನು ನಗರದ ಖಜಾನೆಗೆ ಸಲ್ಲಿಸಿ ರಸೀತಿಯನ್ನು ಪಡೆಯಬೇಕು. ಅದನ್ನು ನೋಡಿದ ಪರೀಕ್ಷಕನು ಸ್ಥಳಕ್ಕೆ ಬಂದು, ಅಡಿಪಾಯದ ಎಲ್ಲೆಗೆ ಗೂಟ ಹೊಡೆಯಿಸಿ, ಅಳತೆಯನ್ನು ಬರೆದಿಡುವನು. ಕಟ್ಟುವ ಕೆಲಸಕ್ಕೆ ಮೊದಲೇ ಕಣ್ಣು ಬಿದ್ದಿತು. ಕಂಡುದು ಪುಸ್ತಕಕ್ಕೆ ಏರಿತು. ಹಣವು ಖಜಾನೆಗೆ ಸೇರಿತು. ಪರೀಕ್ಷೆಯ ಇಲಾಖೆಗೆ ಬೇಕಾದ ಮೂರು ಅಂಗಗಳೂ ಇಲ್ಲಿ ಕಾಣುವುವು.

೪. ಪ್ರಕೃತ ಕರ್ನಾಟಕ

ಇನ್ನು ನಮ್ಮ ನಾಡಿಗೆ ಬರೋಣ. ೧೯೭೬ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮದಲ್ಲಿ ನಕ್ಷೆಗೆ ಪರವಾನಗಿ, ಕಟ್ಟಡ ಪೂರ್ತಿಯಾದುದರ ಸೂಚನೆ, ವಾಸಕ್ಕೆ ಅನುಮತಿ, ಅಕ್ರಮಭಾಗವನ್ನು ಕೆಡಹುವ ಆಜ್ಞೆ—ಎಲ್ಲವೂ ಇವೆ. ೩೨೧ನೆಯ ಪ್ರಕರಣದಂತೆ ಆಯುಕ್ತರು ಮೊದಲು ತಾತ್ಕಾಲಿಕ ಆಜ್ಞೆಯನ್ನು ಕೊಟ್ಟು, ಮಾಲೀಕನ ಸಮಾಧಾನವನ್ನು ಕೇಳಿ, ಅನಂತರ ಅದನ್ನು ಸ್ಥಿರಪಡಿಸುವರು. ಮುಂದೆ ಸೇರಿದ ೩೨೧-ಬಿ ಪ್ರಕರಣವು ಅಕ್ರಮವನ್ನು ತಡೆಯದ ಅಧಿಕಾರಿಗೆ ದಂಡವನ್ನು ವಿಧಿಸುವುದು. ಕೌಟಿಲ್ಯನ ನಾಗರಿಕನು ಇಲ್ಲಿ ಮತ್ತೆ ಎದುರಾಗುವನು.

ಹೀಗಿದ್ದರೂ ೨೦೧೯ನೆಯ ಮಾರ್ಚಿ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಪೂರ್ತಿಯಾಗದ ಕಟ್ಟಡವೊಂದು ಕುಸಿದು ೧೯ ಮಂದಿ ಮೃತರಾದರು. ಕೆಳಗೆ ಅಂಗಡಿಗಳು ನಡೆಯುತ್ತಿರಲು ಮೇಲೆ ಕೆಲಸ ಸಾಗಿದ್ದಿತು. ಕಟ್ಟಡವು ಪೂರ್ತಿಯಾಗುವ ಮೊದಲೇ ಜನರು ಒಳಗೆ ಸೇರಿದರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಇದಕ್ಕಿಂತ ದುಃಖಕರವಾದ ನಿದರ್ಶನ ಬೇಕಿಲ್ಲ.

ಪರೀಕ್ಷೆಗೆ ಹೊತ್ತು ಮುಖ್ಯವೆಂಬುದನ್ನು ಯಾವ ಮೇಸ್ತ್ರಿಯೂ ಬಲ್ಲನು. ನೆಲದ ಮೇಲೆ ಸುಣ್ಣದಿಂದ ಎಳೆದ ಗೆರೆ ತಪ್ಪಿದರೆ ಅಳಿಸಿ ಎಳೆಯುವುದಕ್ಕೆ ಅರ್ಧ ಗಳಿಗೆ ಸಾಕು. ಕಂಬದ ಕಂಬಿಗಳನ್ನು ಎಣಿಸಬೇಕಾದುದು ಕಾಂಕ್ರೀಟು ಸುರಿಯುವ ಮೊದಲು. ಸುರಿದ ಮೇಲೆ ಬರಿಗಣ್ಣಿಗೆ ಕಾಣುವುದು ಹೊರಗಣ ನುಣುಪು ಮಾತ್ರ. ಮೂರನೆಯ ಅಂತಸ್ತು ಎದ್ದು ಒಳಗೆ ಒಲೆ ಹೊತ್ತಿದ ಮೇಲಂತೂ ಅಧಿಕಾರಿಯ ಮುಂದಿರುವುದು ಬರಿಯ ಗೋಡೆಯಲ್ಲ, ಒಂದು ಸಂಸಾರ. ಆಗ ಕಟ್ಟಳೆಗೆ ಕೈ ನಡುಗುವುದು. ತಪ್ಪನ್ನು ಶುಲ್ಕದಿಂದ ಸರಿಪಡಿಸುವ ಯೋಚನೆ ಹುಟ್ಟುವುದು. ‘ಅಕ್ರಮ-ಸಕ್ರಮ’ವೆಂಬ ಯೋಜನೆಯ ಮೂಲವು ಇಲ್ಲಿಯೇ ಇದೆ. ವಾಸದ ಮನೆಗಳಲ್ಲಿ ನೂರಕ್ಕೆ ೫೦ರ ವರೆಗಿನ ಉಲ್ಲಂಘನೆಯನ್ನು ಕ್ರಮಪಡಿಸಲು ಹೊರಟ ಆ ಯೋಜನೆಗೆ ೨೦೧೭ನೆಯ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಬಡವನಿಗೆ ದಯೆ ತೋರಬಾರದೇ ಎಂದು ಕೇಳಬಹುದು. ಸುಣ್ಣದ ಗೆರೆಯ ದಿನವೇ ಬಂದು ತಿದ್ದುವುದು ನಿಜವಾದ ದಯೆ. ಅಂದು ಬಾರದೆ, ಅವನ ಗಳಿಕೆಯೆಲ್ಲವೂ ಗೋಡೆಗೆ ಸೇರಿದ ಮೇಲೆ ಬರುವುದು ನಿರ್ದಯತೆ.

ಅದೇ ನ್ಯಾಯಾಲಯವು ೨೦೨೪ನೆಯ ಡಿಸೆಂಬರ್ ೧೭ರಂದು ಕೊಟ್ಟ ತೀರ್ಪು ಈ ದೃಷ್ಟಿಯಿಂದ ಗಮನಾರ್ಹವಾದುದು. ಅಂಗೀಕೃತವಾದ ನಕ್ಷೆಯು ಕೆಲಸ ಮುಗಿಯುವ ತನಕ ಸ್ಥಳದಲ್ಲಿಯೇ ಎಲ್ಲರಿಗೂ ಕಾಣುವಂತಿರಬೇಕು. ಅಧಿಕಾರಿಗಳು ಕಾಲಕಾಲಕ್ಕೆ ಬಂದು ನೋಡಿ ದಾಖಲೆಯಿಡಬೇಕು. ಸ್ವಾಧೀನಾನುಭವ ಪ್ರಮಾಣಪತ್ರ ದೊರೆತ ಮೇಲೆಯೇ ನೀರು, ವಿದ್ಯುತ್ತು ಮೊದಲಾದುವನ್ನು ಕೊಡಬೇಕು. ತಪ್ಪಾಗಿ ಪ್ರಮಾಣಪತ್ರ ಕೊಟ್ಟ ಅಧಿಕಾರಿಯ ಮೇಲೆ ಕ್ರಮ ಕೈಕೊಳ್ಳಬೇಕು. ಹುಕ್ಕನ ಗೂಟ, ಕೌಟಿಲ್ಯನ ದಂಡ ಎರಡೂ ಇದರಲ್ಲಿ ಅಡಗಿವೆ. ಬೀದಿಗೆ ಕಾಣುವ ನಕ್ಷೆಯಿಂದ ‘ಸಾಮಂತ’ನ ಸಾಕ್ಷ್ಯಕ್ಕೂ ಸ್ಥಾನ ದೊರೆಯಿತು.

ಇದರಿಂದ ಸಿದ್ಧವಾಗುವುದೇನೆಂದರೆ, ಕಟ್ಟಳೆಯ ಬಲವು ದಂಡದ ಗಾತ್ರದಲ್ಲಿಲ್ಲ. ತಿದ್ದಲು ಸಾಧ್ಯವಾದ ಹೊತ್ತಿನಲ್ಲಿ ನೋಡುವ ಕಣ್ಣಿನಲ್ಲಿ, ಆ ಕಣ್ಣು ತನ್ನ ಅಲಕ್ಷ್ಯಕ್ಕೆ ಉತ್ತರ ಕೊಡಬೇಕಾಗಿರುವುದರಲ್ಲಿ ಇರುವುದು. ನಾಗರಿಕ ಶಬ್ದವು ಒಬ್ಬ ಅಧಿಕಾರಿಯ ಹೆಸರಾಗಿದ್ದು ಈಗ ಊರಿನವರೆಲ್ಲರ ಹೆಸರಾಗಿದೆ. ಅರ್ಥವು ವಿಸ್ತಾರವಾದಂತೆ ಅದರೊಡನಿದ್ದ ಹೊಣೆಯೂ ವಿಸ್ತಾರವಾದರೆ ಊರಿಗೆ ಕ್ಷೇಮ.