ಸಿಂಪಡಿಸುವ ಪಂಪಿನ ತುಕ್ಕು ಹಿಡಿಯದ ಸಣ್ಣ ಭಾಗಗಳು: ಅವುಗಳ ಆಯ್ಕೆ ಮತ್ತು ಸುಧಾರಣೆ

ಮಲೆನಾಡಿನ ಅಡಕೆ ತೋಟಗಳಿಗೆ ಕೊಳೆರೋಗವು ಬಹುಕಾಲದ ಶತ್ರುವು. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರಿಶೋಧಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಇದಕ್ಕೆ ತಕ್ಕ ಔಷಧವೆಂದು ಅಂದಿನಿಂದ ರೂಢಿಗೆ ಬಂದ ಬೋರ್ಡೋ ದ್ರಾವಣವು ಇಂದಿಗೂ ಬಳಕೆಯಲ್ಲಿದೆ. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40–45 ದಿವಸಗಳ ಮೇಲೆ ಮತ್ತೊಂದು ಸಲ ಇದನ್ನು ಸಿಂಪಡಿಸತಕ್ಕದ್ದು. ಎರಡನೆಯ ಸಿಂಪಡಿಕೆಯು ಮಳೆಯ ನಡುವೆಯೇ ಬರುವುದರಿಂದ ರೈತನಿಗೆ ದೊರೆಯುವುದು ಕೆಲವು ಗಂಟೆಗಳ ಹೊಳವು ಮಾತ್ರ. ಆ ಹೊತ್ತಿನಲ್ಲಿ ನಾಜಲಿನ ಬಿಲ್ಲೆ ಸವೆದಿದ್ದರೆ, ಇಲ್ಲವೆ ಕವಾಟದ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡರೆ, ಮರ ಹತ್ತುವವನ ಕೂಲಿ, ಕಲಸಿದ ಔಷಧಿ, ಕಡೆಗೆ ಗೊನೆಗಳೂ ನಷ್ಟವಾಗುವುವು. ಆದಕಾರಣ ಈ ಅಲ್ಪ ಬೆಲೆಯ ಭಾಗಗಳನ್ನು ಅಲಕ್ಷ್ಯ ಮಾಡಲಾಗದು.

ಸವೆತದ ಕಾರಣ: ಶೇಕಡಾ 1ರ ದ್ರಾವಣಕ್ಕೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೇಕು. ಸುಣ್ಣವು ಸಾಲದೆ ಹೋದಲ್ಲಿ ಉಳಿದ ತುತ್ತವು ಕಬ್ಬಿಣವನ್ನು ಕರಗಿಸಿ, ಅದರ ಮೇಲೆ ತಾಮ್ರದ ಕೆಂಪು ಲೇಪವನ್ನು ಬಿಡುವುದು. ದ್ರಾವಣದಲ್ಲಿ ಚಾಕುವನ್ನು ಅದ್ದಿ ನೋಡುವ ಹಳೆಯ ಪರೀಕ್ಷೆಯ ತತ್ತ್ವವೂ ಇದೇ. ಹಿತ್ತಾಳೆಗೆ ಈ ಬಗೆಯ ತುಕ್ಕಿಲ್ಲವಾದರೂ ಅದು ಮೃದುವಾದ ಲೋಹ. ಸುಣ್ಣದ ಕಣಗಳು ಅದರ ರಂಧ್ರವನ್ನು ಬೇಗ ಉಜ್ಜಿಹಾಕುವುವು. 1.0 ಮಿಲಿಮೀಟರಿನ ರಂಧ್ರವು ಸವೆದು 1.1 ಆಯಿತೆಂದರೆ ಅದರ ವಿಸ್ತೀರ್ಣವು ಶೇಕಡಾ 21ರಷ್ಟು ಹೆಚ್ಚುವುದು. ಔಷಧಿಯ ಖರ್ಚೂ ಸುಮಾರಾಗಿ ಅಷ್ಟೇ ಹೆಚ್ಚಿ, ಹನಿಗಳು ದಪ್ಪವಾಗಿ ಕಾಯಿಯ ಮೇಲೆ ನಿಲ್ಲದೆ ಜಾರುವುವು.

ಉಕ್ಕಿನ ಬಗೆಗಳು: 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯವರು ತಯಾರಿಸಿದ ಕ್ರೋಮಿಯಂ ಉಕ್ಕಿನಿಂದ ಸ್ಟೇನ್‌ಲೆಸ್ ಸ್ಟೀಲಿನ ಪ್ರಚಾರವಾಯಿತು. ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ ಹತ್ತೂವರೆಗೆ ಕಡಮೆಯಿಲ್ಲದಿದ್ದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುವುದು. ಆದರೆ ಎಲ್ಲವೂ ಒಂದೇ ಗುಣದವಲ್ಲ. ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲುಳ್ಳ 304ನೆಯ ದರ್ಜೆಯು ಕಡ್ಡಿ, ತಿರುಪು, ಜಾಲರಿಗಳಿಗೆ ಸಾಕು. ಮಾಲಿಬ್ಡಿನಂ ಶೇಕಡಾ 2ರಿಂದ 3ರಷ್ಟಿರುವ 316ನೆಯದು, ಪೊಟ್ಯಾಷಿನ ಕ್ಲೋರೈಡು ಗೊಬ್ಬರವನ್ನು ನೀರಿನಲ್ಲಿ ಕೊಡುವ ಕಡೆ ಮೇಲು. ಗಂಧಕ ಸೇರಿದ 303ನೆಯದನ್ನು ಕಡೆಯುವುದು ಸುಲಭ, ತುಕ್ಕನ್ನು ತಡೆಯುವ ಶಕ್ತಿ ಕಡಮೆ. 410ನೆಯದನ್ನು ಕಾಯಿಸಿ ಹದಮಾಡಿದರೆ ಬಹಳ ಗಟ್ಟಿಯಾಗುವುದರಿಂದ ನಾಜಲಿನ ಬಿಲ್ಲೆಗೆ ಒಪ್ಪುವುದು. ಆದರೆ ಕೆಲಸ ಮುಗಿದೊಡನೆ ತೊಳೆದು ಒರೆಸಿಡಬೇಕು.

ಅಯಸ್ಕಾಂತವು ಹಿಡಿಯದಿದ್ದರೆ ಒಳ್ಳೆಯ ಉಕ್ಕೆಂಬ ನಂಬಿಕೆಯು ಪೂರ್ತಿ ಸರಿಯಲ್ಲ. ನಿಕ್ಕಲಿಗೆ ಬದಲಾಗಿ ಮ್ಯಾಂಗನೀಸು ಬೆರೆಸಿದ 200ರ ಶ್ರೇಣಿಯ ಅಗ್ಗದ ಉಕ್ಕನ್ನೂ ಅಯಸ್ಕಾಂತವು ಹಿಡಿಯದು. ಅಂಗಡಿಯವರಿಂದ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರವನ್ನು ಕೇಳುವುದೇ ಭದ್ರವಾದ ಮಾರ್ಗ.

ಮಾಡಿಸುವ ಕ್ರಮ: ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿ, ಶಿವಮೊಗ್ಗೆಗಳಲ್ಲಿ ಲೇತಿನ ಕೆಲಸ ಮಾಡುವವರು ಅನೇಕರಿದ್ದಾರೆ. ಒಬ್ಬನೇ ರೈತನು ಎರಡು ಬಿಲ್ಲೆಗಳಿಗಾಗಿ ಹೋದರೆ ಬೆಲೆ ದುಬಾರಿ. ಸಹಕಾರ ಸಂಘದ ಮೂಲಕ ಊರಿನವರೆಲ್ಲ ಒಟ್ಟಾಗಿ ಮಾಡಿಸುವುದು ಲಾಭಕರ. ಸವೆದ ಭಾಗವನ್ನು ಮಾದರಿಯಾಗಿ ಕೊಡಬಾರದು, ಅದರ ಸವೆತವೇ ಹೊಸದರ ಅಳತೆಯಾಗುವುದು. ಹೊಸ ಮಾದರಿಯನ್ನೋ ನಕ್ಷೆಯನ್ನೋ ಕೊಟ್ಟು, ಉಕ್ಕಿನ ದರ್ಜೆ, ರಂಧ್ರದ ಅಳತೆ, ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದನ್ನು ಬರೆದುಕೊಡತಕ್ಕದ್ದು.

304, 316ನೆಯ ಉಕ್ಕುಗಳು ಉಳಿಯು ಮೊಂಡಾಗಿ ಉಜ್ಜಿದಷ್ಟೂ ಗಟ್ಟಿಯಾಗುವುವು. ಆದುದರಿಂದ ಹರಿತವಾದ ಉಳಿ, ನಿಲ್ಲಿಸದೆ ನಡೆಯುವ ಕೊರೆತ, ತಂಪಿನ ದ್ರವ ಇವು ಅವಶ್ಯ. ರಂಧ್ರದ ಅಂಚಿನಲ್ಲಿ ಸಿವುರು ಉಳಿದರೆ ಸಿಂಪಡಿಕೆಯು ಒಂದು ಮಗ್ಗುಲಿಗೆ ವಾಲುವುದು, ಅದನ್ನು ತೆಗೆಸಬೇಕು. ಕಡೆದಾದ ಮೇಲೆ ಚೆನ್ನಾಗಿ ತೊಳೆದು ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ, ಉಳಿಯಿಂದ ಅಂಟಿದ ಕಬ್ಬಿಣದ ಕಣಗಳು ಹೋಗಿ ಪೊರೆಯು ಸರಿಯಾಗಿ ಕಟ್ಟುವುದು.

ಪರೀಕ್ಷೆ ಮತ್ತು ಆರೈಕೆ: ಪಂಪಿಗೆ ಬರಿಯ ನೀರು ತುಂಬಿ, ವಾಡಿಕೆಯ ಒತ್ತಡದಲ್ಲಿ ಒಂದು ನಿಮಿಷ ಬಿಟ್ಟು, ಬಂದ ನೀರನ್ನು ಅಳೆಯಬೇಕು. ಹೊಸ ಬಿಲ್ಲೆಗಿಂತ ಹತ್ತನೆಯ ಒಂದು ಪಾಲು ಹೆಚ್ಚಾದರೆ ಹಳೆಯದನ್ನು ತೆಗೆದುಹಾಕತಕ್ಕದ್ದು. ಕಟ್ಟಿದ ರಂಧ್ರವನ್ನು ತಂತಿಯಿಂದ ಚುಚ್ಚದೆ ಮೆದುವಾದ ಕುಂಚದಿಂದ ಬಿಡಿಸಬೇಕು. ಕಬ್ಬಿಣದ ಕುಂಚವನ್ನಂತೂ ಮುಟ್ಟಿಸಬಾರದು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಹಾಕುವುದಾದರೆ ಗ್ರೀಸು ಸವರದೆ ಬಿಗಿಯಬಾರದು. ಬಿಗಿದರೆ ತಿರುಪಿನ ಸುತ್ತುಗಳು ಕಚ್ಚಿಕೊಂಡು ಬಿಚ್ಚಲು ಬಾರವು. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ ಬೆರೆಸಿದರೆ ಎಂಥ ಬಿಲ್ಲೆಯೂ ಹೆಚ್ಚು ಕಾಲ ಬಾಳುವುದು.

ಈ ಪರೀಕ್ಷೆಗಳನ್ನೆಲ್ಲ ವೈಶಾಖ ಮಾಸದಲ್ಲಿಯೇ ಮುಗಿಸಿ, ಪ್ರತಿ ಪಂಪಿಗೂ ಒಂದೆರಡು ಹೆಚ್ಚಿನ ಬಿಲ್ಲೆಗಳನ್ನೂ ಒಂದು ಕವಾಟದ ಕಡ್ಡಿಯನ್ನೂ ಮನೆಯಲ್ಲಿಟ್ಟುಕೊಂಡಿರುವ ರೈತನು ಮಳೆಯ ಹೊಳವನ್ನು ವ್ಯರ್ಥಮಾಡಿಕೊಳ್ಳಲಾರನು.