ಘಾಟಿನಲ್ಲಿ ಕುದಿಯುವ ಹಳೆಯ ಕಾರು

ಪುಣೆಯಿಂದ ಬೆಳಗಾವಿಯತ್ತ ಹೊರಟ ಹಳೆಯ ಅಂಬಾಸಡರ್ ಕಾರು ಖಂಬಾಟಕಿ ಘಾಟಿನ ಏರಿನಲ್ಲಿ ಶಕ್ತಿಗುಂದಿ ಕುದಿಯತೊಡಗಿದರೆ ನಾವು ಮಾಡತಕ್ಕದ್ದೇನು? ಮೊದಲು ಬದಿಗೆ ನಿಲ್ಲಿಸಿ ಪೂರ್ತಿ ಆರಲು ಬಿಡಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರಿಯಬಹುದು.

ಆರಿದ ಮೇಲೆ ನೀರಿನ ಮಟ್ಟ, ಫ್ಯಾನ್ ಬೆಲ್ಟು, ರಬ್ಬರ್ ಕೊಳವೆಗಳನ್ನು ನೋಡೋಣ. ಇವು ಸರಿಯಿದ್ದೂ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಸುಟ್ಟಿರುವ ಸಂಶಯ. ಆಗ ಸಿಲಿಂಡರಿನ ಬಿಸಿಗಾಳಿ ನೀರಿನ ದಾರಿಗೆ ನುಗ್ಗಿ, ಶಕ್ತಿಯೂ ಕುಂದುತ್ತದೆ, ನೀರೂ ಕುದಿಯುತ್ತದೆ. ತಣ್ಣಗಿದ್ದಾಗ ಮುಚ್ಚಳ ತೆಗೆದು ಎಂಜಿನ್ ನಡೆಸಿದರೆ ನಿಲ್ಲದೆ ಗುಳ್ಳೆ ಏಳುವುದು, ಎಣ್ಣೆ ಹಾಲು ಬೆರೆತಂತೆ ಕಾಣುವುದು ಇದರ ಗುರುತು. ಹಾಗಿದ್ದರೆ ನೀರು ತುಂಬಿಕೊಂಡು ಊರು ಮುಟ್ಟುವ ಸಾಹಸ ಬೇಡ. ಗ್ಯಾಸ್ಕೆಟ್ಟಿನ ಖರ್ಚನ್ನು ಬಾಡಿಗೆ ಓಡಿಸುವವನು ತಾಳಿಕೊಂಡಾನು. ಹೆಡ್ಡು ಸೊಟ್ಟಾದರೆ ಸಂಸಾರವೇ ಸಾಲಕ್ಕೆ ಬೀಳುತ್ತದೆ.